ಬೆರಳಿನ ಆಟ, ಕೀಬೋರ್ಡಿನ ಹಿಡಿತ

ಮೊಬೈಲ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವ ರುಚಿ ಹತ್ತಿದವರು ಮೊದಲು ಹೊಗಳುವುದು ದೊಡ್ಡ ಪರದೆಯನ್ನು. ಅಸಲಿ ಸುಖ ಇರುವುದು ಕೀ ಮ್ಯಾಪಿಂಗ್‌ನಲ್ಲಿ. ಫೋನಿನಲ್ಲಿ ಬೆರಳು ಒತ್ತಬೇಕಾದ ಒಂದೊಂದು ಜಾಗವನ್ನೂ ಕೀಬೋರ್ಡಿನ ಒಂದೊಂದು ಕೀಗೆ ಜೋಡಿಸುವ ಕೆಲಸ ಅದು. ನಡೆಯಲು ಡಬ್ಲ್ಯು, ಎ, ಎಸ್, ಡಿ. ಜಿಗಿಯಲು ಸ್ಪೇಸ್ ಬಾರ್. ಗುರಿ ಹಿಡಿಯಲು ಮೌಸ್. ಫೋನಿನ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶವಾದ ಎಮ್ಯುಲೇಟರ್ ತಾನಾಗಿ ಕೊಡುವ ಜೋಡಣೆಯಲ್ಲೇ ನಿಂತುಬಿಟ್ಟವರಿಗೆ ಈ ಹವ್ಯಾಸದ ಅರ್ಧ ರುಚಿಯೂ ಸಿಗುವುದಿಲ್ಲ. ತಮ್ಮ ಕೈಗೆ ಒಗ್ಗುವಂತೆ ಕೀಗಳನ್ನು ಬದಲಿಸುತ್ತ, ಮೌಸಿನ ಸೆನ್ಸಿಟಿವಿಟಿಯನ್ನು ಚೂರುಚೂರೇ ತಿದ್ದುತ್ತ ಹೋದವರಿಗೆ ಅದೇ ಆಟ ಬೇರೆಯಾಗಿಯೇ ಕಾಣುತ್ತದೆ.

ಬ್ಲೂಸ್ಟ್ಯಾಕ್ಸ್, ಎಲ್‌ಡಿಪ್ಲೇಯರ್, ನಾಕ್ಸ್, ಮೆಮು: ಹೆಸರು ಯಾವುದಿದ್ದರೂ ಕೆಲಸ ಒಂದೇ. ವಿಂಡೋಸ್‌ನೊಳಗೆ ಇಡೀ ಆಂಡ್ರಾಯ್ಡನ್ನೇ ಓಡಿಸಬೇಕು. ಫೋನುಗಳ ಚಿಪ್ ಸಾಮಾನ್ಯವಾಗಿ ಎಆರ್‌ಎಂ ಜಾತಿಯದು. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಭಾಷೆ ಬೇರೆ. ಎಆರ್‌ಎಂಗೆಂದೇ ಬರೆದ ಆಟವನ್ನು ಆಡುತ್ತಿರುವಾಗಲೇ ಅನುವಾದಿಸುತ್ತ ಹೋಗಬೇಕಾಗುತ್ತದೆ. ವಿಂಡೋಸ್‌ನೊಳಗೆ ಆಂಡ್ರಾಯ್ಡನ್ನು ಓಡಿಸುವ ಹೊರೆಯನ್ನು ತಗ್ಗಿಸಲು ಪ್ರೊಸೆಸರಿನಲ್ಲೇ ವರ್ಚುವಲೈಸೇಷನ್ ಎಂಬ ಸೌಲಭ್ಯವಿದೆ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಆಫ್ ಆಗಿರುತ್ತದೆ! ಆಟ ತಡವರಿಸಿದೊಡನೆ ಹೊಸ ರ್‍ಯಾಮ್ ಕೊಳ್ಳಲು ಹೊರಡುವವರು ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಪುಟ ನೋಡಬೇಕು. ವರ್ಚುವಲೈಸೇಷನ್ 'ಡಿಸೇಬಲ್ಡ್' ಎಂದಿದ್ದರೆ ಕಂಪ್ಯೂಟರ್ ಶುರುವಾಗುವಾಗಲೇ ತೆರೆಯುವ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಬೇಕು. ಕಾಸಿನ ಖರ್ಚಿಲ್ಲದ ದುರಸ್ತಿ ಇದು.

ರ್‍ಯಾಮ್ ಲೆಕ್ಕವೂ ಇದೆ. ಬ್ಲೂಸ್ಟ್ಯಾಕ್ಸ್ 5ಕ್ಕೆ ಕನಿಷ್ಠ 4 ಜಿಬಿ ಸಾಕು. ಗೂಗಲ್‌ನದೇ ಆದ 'ಪ್ಲೇ ಗೇಮ್ಸ್' 8 ಜಿಬಿ ಮತ್ತು ಎಸ್‌ಎಸ್‌ಡಿ ಕೇಳುತ್ತದೆ. 2022ರ ಜನವರಿಯಲ್ಲಿ ದಕ್ಷಿಣ ಕೊರಿಯಾ, ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಪರೀಕ್ಷಾರ್ಥ ಶುರುವಾದ ಅದು ಆಮೇಲೆ ಭಾರತಕ್ಕೂ ಬಂತು. ಮೈಕ್ರೋಸಾಫ್ಟ್ ಮಾತ್ರ ವಿಂಡೋಸ್ 11ರಲ್ಲಿ ತಾನೇ ಕೊಟ್ಟಿದ್ದ ಆಂಡ್ರಾಯ್ಡ್ ವ್ಯವಸ್ಥೆಗೆ 2025ರ ಮಾರ್ಚ್‌ನಲ್ಲಿ ಬೆಂಬಲ ನಿಲ್ಲಿಸಿತು.

ಯಾವ ಆಟಕ್ಕೆ ಎಮ್ಯುಲೇಟರ್ ಒಪ್ಪುತ್ತದೆ? 'ಕ್ಲ್ಯಾಶ್ ಆಫ್ ಕ್ಲ್ಯಾನ್ಸ್' ತರಹದ ಯೋಚಿಸಿ ಕಟ್ಟುವ ಆಟಗಳಿಗೆ ಬಹಳ ಚೆನ್ನಾಗಿ. ಊರಿನ ಗೋಡೆ, ಫಿರಂಗಿಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಬೆರಳೇ ಪರದೆಯನ್ನು ಮುಚ್ಚುವ ಕಾಟ ಇರುವುದಿಲ್ಲ.

ಶೂಟಿಂಗ್ ಆಟಗಳಲ್ಲಿ ನ್ಯಾಯದ ಪ್ರಶ್ನೆ ಎದುರಾಗುತ್ತದೆ. ಫೋನಿನವರು ಹೆಬ್ಬೆರಳಿನಿಂದ, ಇಲ್ಲವೇ ಫೋನನ್ನೇ ವಾಲಿಸಿ ಜೈರೋಸ್ಕೋಪಿನಿಂದ ಗುರಿ ಹಿಡಿಯುತ್ತಾರೆ. ಮೌಸಿನ ನಿಖರತೆಗೆ ಅವರನ್ನು ಎದುರು ನಿಲ್ಲಿಸುವುದು ಸರಿಯಲ್ಲ. ಅದಕ್ಕೇ 'ಪಬ್‌ಜಿ ಮೊಬೈಲ್' ಎಮ್ಯುಲೇಟರಿನವರನ್ನು ಗುರುತಿಸಿ ಅಂಥವರೊಂದಿಗೇ ಆಡಿಸುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಆಡಲು ಟೆನ್ಸೆಂಟ್‌ನ 'ಗೇಮ್‌ಲೂಪ್' ಎಮ್ಯುಲೇಟರೇ ಅಧಿಕೃತ ದಾರಿ. ಆ ಗುರುತನ್ನು ಮರೆಮಾಚುವ ಕಳ್ಳ ಫೈಲುಗಳೂ ಓಡಾಡುತ್ತವೆ. ಅವುಗಳಿಂದ ಗೆದ್ದ ಗೆಲುವಿಗೆ ಬೆಲೆಯಿಲ್ಲ, ಅಕೌಂಟೂ ಉಳಿಯುವುದಿಲ್ಲ. 2021ರಲ್ಲಿ ಭಾರತಕ್ಕೆಂದೇ ಬಂದ ಪಬ್‌ಜಿಯ ರೂಪವಾದ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಮ್ಯುಲೇಟರನ್ನು ಒಪ್ಪುವುದೇ ಇಲ್ಲ. ಅದನ್ನು ದಯವಿಟ್ಟು ಫೋನಿನಲ್ಲೇ ಆಡಿ.