ಕಲ್ಲಿನ ಮೇಲೆ ಯಾರ ಹೆಸರು?

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರಾಣಿಯರೊಡನೆ ಕೈಮುಗಿದು ನಿಂತ ಶಿಲ್ಪಗಳಿವೆ. ದೇವರ ಮುಂದೆ ಅರಸರದು ವಿನಯವೇ, ನಿಜ. ಆದರೆ ಆ ವಿನಯವೂ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬುದು ಅಧಿಕಾರದ ಆಸೆ ಎಂದು ನನಗೆ ಅನ್ನಿಸುತ್ತದೆ.

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಲೆಕ್ಕ ಬೇರೆ. 13ನೇ ಶತಮಾನದಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಅಲ್ಲಿ ಕೇಶವ ದೇವಾಲಯ ಕಟ್ಟಿಸಿದ. ಊರಿಗೂ ತನ್ನ ಹೆಸರನ್ನೇ ಇಟ್ಟ. ಬಾಗಿಲಲ್ಲೇ ಅವನ ದೊಡ್ಡ ಶಾಸನವಿದೆ. ಆದರೆ ಹೊರಗೋಡೆಯ ಹತ್ತಾರು ವಿಗ್ರಹಗಳ ಕೆಳಗೆ ಇನ್ನೊಂದು ಹೆಸರಿದೆ: ಮಲ್ಲಿತಮ್ಮ. ಕಡೆದವನು ಅವನು. ಚೀನಾದ ಚಿಯೆನ್‌ಲಾಂಗ್ ಚಕ್ರವರ್ತಿ ಹಳೆಯ ಕಲಾವಿದರ ಚಿತ್ರಗಳ ಮೇಲೆ ತನ್ನ ಕೆಂಪು ಮುದ್ರೆಗಳನ್ನು ಒತ್ತಿದ. ಇಲ್ಲಿ ಒಡೆಯನ ಗೋಡೆಯ ಮೇಲೆ ಕೆಲಸಗಾರನೇ ಮುದ್ರೆ ಒತ್ತಿದ್ದಾನೆ.

ಹಾಗೆಂದು ಮಲ್ಲಿತಮ್ಮನನ್ನು ಬಂಡಾಯಗಾರ ಎನ್ನಲಾರೆ. ದಂಡನಾಯಕನ ಹಣವಿಲ್ಲದೆ ಅವನ ಉಳಿಗೆ ಕೆಲಸವಿಲ್ಲ. ಅವನ ಉಳಿಯಿಲ್ಲದೆ ದಂಡನಾಯಕನನ್ನು ಇಂದು ನೆನೆಯುವವರಿಲ್ಲ.

2023ರಲ್ಲಿ ಈ ಗುಡಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಾವು ಅದನ್ನು ‘ಹೊಯ್ಸಳರ ಕಲೆ’ ಎನ್ನುತ್ತೇವೆ. ಆ ಮಾತಿನಲ್ಲಿ ಅರಸು ಮನೆತನವಿದೆ, ಕಡೆದವನಿಲ್ಲ. ಏಳು ಶತಮಾನ ಕಲ್ಲಿನಲ್ಲಿ ಅಳಿಯದ ಹೆಸರನ್ನು ನಮ್ಮ ಮಾತು ಅಳಿಸುತ್ತಿದೆ.