ವಿದ್ಯುತ್ ಉಪಕರಣಗಳ ಸುರಕ್ಷತಾ ಆದೇಶ: ಪ್ಲಗ್ಗಿನವರೆಗೆ ಮಾತ್ರ

ಮನೆಬಳಕೆಯ ಮತ್ತು ವಾಣಿಜ್ಯ ಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗಾಗಿ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶ ಹಳೆಯದೊಂದು ಕೊರತೆಯನ್ನು ನೀಗಿಸುತ್ತದೆ. 2003ರ ಆದೇಶ ಇಸ್ತ್ರಿಪೆಟ್ಟಿಗೆ, ಗೀಸರ್, ನೀರು ಕಾಯಿಸುವ ರಾಡ್, ವೈರು, ಸ್ವಿಚ್ಚುಗಳಂಥ ಹೆಸರಿಸಿದ ಸಾಮಾನುಗಳಿಗಷ್ಟೇ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿತ್ತು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಆ ಕಟ್ಟುಪಾಡಿರಲಿಲ್ಲ. ಹೊಸ ಆದೇಶ ವೋಲ್ಟೇಜನ್ನೇ ಅಳತೆಗೋಲು ಮಾಡಿಕೊಂಡಿದೆ. ಸಿಂಗಲ್ ಫೇಸ್‌ನಲ್ಲಿ 250 ವೋಲ್ಟ್, ಉಳಿದವುಗಳಲ್ಲಿ 480 ವೋಲ್ಟ್ ಮೀರದ, ಬೇರೆ ಆದೇಶದಡಿ ಬಾರದ ಉಪಕರಣಗಳೆಲ್ಲ ಇದರೊಳಗೆ ಬರುತ್ತವೆ. ಜಾರಿಗೆ 2026ರ ಮಾರ್ಚ್ 19ನ್ನು ಗೊತ್ತುಪಡಿಸಲಾಯಿತು.

ಆಧಾರವಾಗಿರುವ ಮಾನಕ ಐಎಸ್ 302ರ ಮೊದಲ ಭಾಗ ಗಟ್ಟಿಯಾದದ್ದು. ಗೆಣ್ಣುಗಳಿರುವ ಕೃತಕ ಬೆರಳೊಂದನ್ನು ಉಪಕರಣದ ಸಂದಿಗಳಲ್ಲಿ ತೂರಿಸಿ, ಒಳಗಿನ ಕರೆಂಟು ತಾಗುವಂತಿದೆಯೇ ಎಂದು ನೋಡುತ್ತಾರೆ. ಅರ್ಥಿಂಗ್ ಬೇಕಾದ, ಎತ್ತಿ ಒಯ್ಯಬಹುದಾದ ಉಪಕರಣದಿಂದ ಸೋರುವ ಕರೆಂಟು 0.75 ಮಿಲಿಆಂಪಿಯರ್ ದಾಟುವಂತಿಲ್ಲ. ಪ್ರಯೋಗಶಾಲೆಯಲ್ಲಿ ಅರ್ಥಿಂಗ್ ಇದ್ದೇ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ಹಳೆಯ ಹಂಚಿನ ಮನೆಯ ಬಚ್ಚಲಿನಲ್ಲಿ ಅದು ಇದ್ದೀತೆಂಬ ಭರವಸೆಯಿಲ್ಲ.

ಅಲ್ಲಿ ಬಕೆಟ್ಟಿನ ಅಂಚಿಗೆ ತೂಗುವ ರಾಡಿಗೆ ಐಎಸ್‌ಐ ಗುರುತೂ ಇದೆ, ಮೂರು ಪಿನ್ನಿನ ಪ್ಲಗ್ಗೂ ಇದೆ ಎನ್ನೋಣ. ಗೋಡೆಯ ಸಾಕೆಟ್ಟಿಗೂ ಮೂರು ತೂತುಗಳಿವೆ. ಮೇಲಿನ ದೊಡ್ಡ ತೂತಿನ ಹಿಂದೆ ಹಸಿರು ವೈರೇ ಇಲ್ಲ. ಉಪ್ಪುನೀರು ತಿಂದು ರಾಡಿನ ಹೊದಿಕೆ ಬಿರುಕು ಬಿಟ್ಟ ದಿನ ಕರೆಂಟು ನೀರಿಗೆ ಇಳಿಯುತ್ತದೆ. ನೆಲಕ್ಕೆ ಹೋಗಲು ಬೇರೆ ದಾರಿಯಿಲ್ಲದ್ದರಿಂದ ಫ್ಯೂಸು ಹಾರುವುದಿಲ್ಲ. ನೀರು ಬಿಸಿಯಾಯಿತೇ ಎಂದು ಅದ್ದಿದ ಕೈಯೇ ಆ ದಾರಿಯಾಗುತ್ತದೆ.

ಗೋಡೆಯೊಳಗಿನ ಈ ಭಾಗ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳಿಗೆ ಸೇರಿದ್ದು. 2010ರ ನಿಯಮಗಳು ಗ್ರಾಹಕರ ಜಾಗದಲ್ಲಿ ಅರ್ಥಿಂಗ್ ಟರ್ಮಿನಲ್ ಒದಗಿಸುವ ಹೊಣೆಯನ್ನು ಸರಬರಾಜುದಾರರಿಗೆ ಹೊರಿಸಿದವು, ಈ ಭಾಗದಲ್ಲಾದರೆ ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿಯಿರುವ ಹೆಸ್ಕಾಂಗೆ. ಅಲ್ಲಿಂದ ಒಳಗಿನ ವೈರಿಂಗ್ ಮನೆಯವರ ಪಾಲು. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕರೆಂಟು ಕಡಿಯುವ ಸಾಧನವನ್ನೂ ಅದೇ ನಿಯಮಗಳು ಮನೆಗಳಿಗೆ ವಿಧಿಸಿದವು, ಆದರೆ 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಮನೆಗಳನ್ನು ಹೊರಗಿಟ್ಟವು. ಮಿತಿ ಆಮೇಲೆ 2 ಕಿಲೋವ್ಯಾಟ್‌ಗೆ ಇಳಿಯಿತು. ಎರಡು ಬಲ್ಬು, ಒಂದು ಫ್ಯಾನು, ಒಂದು ರಾಡಿನ ಮನೆ ಆಗಲೂ ಹೊರಗೇ ಉಳಿಯಿತು. ಗೀಸರ್ ಕೊಳ್ಳಲಾಗದೆ ರಾಡ್ ಕೊಂಡವರ ಮನೆಯನ್ನೇ ರಕ್ಷಣೆಯಿಂದ ಬಿಟ್ಟದ್ದು ಈ ನಿಯಮಗಳ ಅತಿ ದೊಡ್ಡ ದೋಷ. ಉಪಕರಣದ ಆದೇಶ ಎಷ್ಟೇ ಬಿಗಿಯಾದರೂ ಈ ದೋಷವನ್ನು ತುಂಬಿಕೊಡಲಾರದು. ಅದರ ಅಧಿಕಾರ ಪ್ಲಗ್ಗಿನ ಪಿನ್ನಿಗೆ ಮುಗಿಯುತ್ತದೆ.