ಬೆಂಕಿಪುರದ ದಾರ್ಶನಿಕರನ್ನು ಓದುವುದು

ಸೆಪ್ಟೆಂಬರ್ 15 ಬಂತೆಂದರೆ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಬೀಳುತ್ತದೆ. ಭಾಷಣ ಯಾರದೇ ಇರಲಿ, 'ದಾರ್ಶನಿಕ' ಎಂಬ ಮಾತು ಬಂದೇ ಬರುತ್ತದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿಗೆ ಕಬ್ಬಿಣದ ಕುಲುಮೆ ತಂದ ಹಿರಿಯರಿಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ದಾರ್ಶನಿಕ ಎಂದು ಕರೆದ ಮೇಲೆ ಅವರು ಕಟ್ಟಿದ್ದನ್ನು ನೋಡಿ ಕೈಮುಗಿದರೆ ಸಾಲದು, ಬರೆದದ್ದನ್ನೂ ಓದಬೇಕು. ಓದಿದ ಮೇಲೆ ಅನ್ನಿಸಿದ್ದನ್ನು ಮುಚ್ಚಿಡಬಾರದು.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಬಸ್ಸಿನಲ್ಲಿ ಓಡಾಡುತ್ತಲೇ ಅವರ ಎರಡು ಪುಸ್ತಕಗಳನ್ನು ಈಚೆಗೆ ಮತ್ತೆ ಓದಿದೆ. ಒಂದು 1934ರ 'ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ', ಇನ್ನೊಂದು 1951ರ ಆತ್ಮಕಥೆ 'ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್'. ಯೋಜನಾ ಆಯೋಗ ಹುಟ್ಟುವುದಕ್ಕೆ ಹದಿನಾರು ವರ್ಷ ಮುಂಚೆಯೇ, ಹತ್ತು ವರ್ಷದಲ್ಲಿ ದೇಶದ ವರಮಾನವನ್ನು ಇಮ್ಮಡಿ ಮಾಡುವ ದಾರಿ ಯಾವುದೆಂದು ಲೆಕ್ಕ ಹಾಕಿ ತೋರಿಸಿದ ಗ್ರಂಥ ಮೊದಲನೆಯದು. ಎರಡನೆಯದರಲ್ಲಿ ತೊಂಬತ್ತರ ಪ್ರಾಯದ ಮನುಷ್ಯ ತನ್ನ ಕೆಲಸದ ಬದುಕನ್ನು ಒಂದಿಷ್ಟೂ ಉಬ್ಬಿಸದೆ ಒಪ್ಪಿಸಿದ್ದಾರೆ. ಭಾಷೆ ತೊಳೆದಿಟ್ಟ ಕನ್ನಡಿಯಂತಿದೆ. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1920ರ ದಶಕದಲ್ಲಿ ಎತ್ತಿ ನಿಲ್ಲಿಸಿದ ಅವರು, ಆ ಕೆಲಸದ ಸಂಭಾವನೆಯನ್ನು ತಾವಿಟ್ಟುಕೊಳ್ಳಲಿಲ್ಲ. ಆ ಹಣ ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಲು ಒದಗಿತು. ಅಂಥ ಪ್ರಾಮಾಣಿಕತೆಯ ಮುಂದೆ ತಲೆ ಬಾಗುತ್ತದೆ.

ಹಾಗಿದ್ದರೂ ಪುಸ್ತಕ ಮುಚ್ಚಿದಾಗ ನನಗೆ ಒಂದು ಕೊರತೆ ಕಾಡಿತು. ಅದರ ಜಾಡು ಹಿಡಿಯಲು ಕಾರ್ಖಾನೆಯ ಕಥೆಗೇ ಹೋಗಬೇಕು.

1923ರಲ್ಲಿ ಭದ್ರಾವತಿಯ ಕುಲುಮೆ ಉರಿಯತೊಡಗಿತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂದರೆ, ಉರಿಗೆ ಮಲೆನಾಡಿನ ಮರವೇ ಇದ್ದಿಲಾಗಬೇಕಾಯಿತು. ಅಂದರೆ ಯಾರೋ ಕಾಡಿಗೆ ಹೋಗಿ ಮರ ಉರುಳಿಸಿದರು, ತುಂಡು ಹಾಕಿದರು, ಹೊತ್ತು ತಂದರು. ಜಿಗಣೆ, ಬಿಡದೆ ಸುರಿಯುವ ಮಳೆ, ಚಳಿಜ್ವರ ಇವುಗಳ ನಡುವೆ ಕೊಡಲಿ ಹಿಡಿದವರ ಮೈಬೆವರಿನಿಂದಲೇ ಆ ಕುಲುಮೆ ಉರಿದದ್ದು. ಆತ್ಮಕಥೆಯಲ್ಲಿ ಉತ್ಪಾದನೆ ಇದೆ, ವೆಚ್ಚವಿದೆ, ಮಾರುಕಟ್ಟೆಯ ಏರಿಳಿತವಿದೆ. ಮುಖವಿರುವ ಒಬ್ಬ ಕೂಲಿಯಾಳು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅದೇ ಕಾಡಿನಲ್ಲಿ ಕುವೆಂಪು ಕಂಡದ್ದನ್ನು ನೆನೆಯಿರಿ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಾಯಿಗುತ್ತಿ ಎಂಬ ಜೀತದಾಳು ತಿಮ್ಮಿಗಾಗಿ ಕಾಡು ದಾಟುತ್ತಾನೆ. ತುಂಬಿದ ತುಂಗೆಯಲ್ಲಿ ಅವನ ನಾಯಿ ಹುಲಿಯ ಕೊಚ್ಚಿಹೋಗುವಾಗ ಓದುವವರ ಗಂಟಲು ಕಟ್ಟುತ್ತದೆ. ಯಜಮಾನರ ಲೆಕ್ಕದಲ್ಲಿ ಒಂದು ಆಳಾಗಿದ್ದವನು ಅಲ್ಲಿ ಇಡೀ ಮನುಷ್ಯನಾಗಿ ನಡೆದಾಡುತ್ತಾನೆ.

ಕಾದಂಬರಿಗೂ ಯೋಜನೆಯ ಗ್ರಂಥಕ್ಕೂ ಎಲ್ಲಿಯ ಹೋಲಿಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂಜಿನಿಯರರು ಗುತ್ತಿಯ ಕಥೆ ಬರೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಪುಸ್ತಕದ ಹೆಸರಿನಲ್ಲೇ ಅವರು ತಮ್ಮ ಕೆಲಸದ ಬದುಕಿಗೆ ಗೆರೆ ಎಳೆದುಕೊಂಡಿದ್ದಾರೆ, ಸಂಸಾರದ ಮಾತಿಗೂ ಅಲ್ಲಿ ಹೆಚ್ಚು ಜಾಗವಿಲ್ಲ. ನನ್ನ ತಕರಾರು ಬೇರೆ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಲಾಗದಿದ್ದಾಗ ಬರಹ ಒಣಗುತ್ತದೆ, ಅದು ಸಣ್ಣ ನಷ್ಟ. ವಾದವೇ ಸೋಲುತ್ತದೆ, ಅದು ದೊಡ್ಡದು. ಮಿಲ್ಲರ್ ಸಮಿತಿಯ ಪ್ರಸಂಗದಲ್ಲಿ ಆದದ್ದು ಇದೇ.

ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದಾಗಲೇ, 1917ರಲ್ಲಿ, ಪ್ರಜಾಮಿತ್ರ ಮಂಡಳಿ ಹುಟ್ಟಿತು. ಸರ್ಕಾರಿ ಹುದ್ದೆಗಳೆಲ್ಲ ಬಹುಪಾಲು ಬ್ರಾಹ್ಮಣರ ಕೈಯಲ್ಲಿವೆ, ಉಳಿದವರಿಗೂ ಪಾಲು ಬೇಕು ಎಂದು ಅದು ಮಹಾರಾಜರ ಮುಂದೆ ಬೇಡಿಕೆ ಇಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಆ ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಾಗಿತ್ತು. ಜಾತಿ ನೋಡಿ ಹುದ್ದೆ ಕೊಟ್ಟರೆ ಆಡಳಿತದ ದಕ್ಷತೆ ಕೆಡುತ್ತದೆ, ಬೇಕಿದ್ದರೆ ಹಿಂದುಳಿದವರಿಗೆ ಹೆಚ್ಚು ಶಿಕ್ಷಣ ಕೊಡೋಣ ಎಂಬುದು ಅವರ ನಿಲುವು. ಶಿಕ್ಷಣದ ಮಾತನ್ನು ಅವರು ಬಾಯಿಮಾತಿಗೆ ಆಡಿದ್ದಲ್ಲ. ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ 1913ರಲ್ಲಿ ಕಾನೂನು ತಂದದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕಟ್ಟಿದ್ದು ಅವರ ದಿವಾನಗಿರಿಯಲ್ಲೇ.

ಹಾಗಾದರೆ ತಪ್ಪಿದ್ದು ಎಲ್ಲಿ? ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು ಅವರು. ಬಡತನವನ್ನು ಉಂಡು ಬಲ್ಲವರು. ದುಡಿದರೆ, ಶಿಸ್ತಿನಿಂದ ಬಾಳಿದರೆ ಯಾರು ಬೇಕಾದರೂ ಮೇಲೇರಬಹುದೆಂದು ಅವರ ಸ್ವಂತ ಬದುಕೇ ಅವರಿಗೆ ಹೇಳಿಕೊಟ್ಟಿತ್ತು. ಎಲ್ಲರ ಬದುಕನ್ನೂ ಅವರು ಅದೇ ಅಳತೆಗೋಲಿನಿಂದ ಅಳೆದರು. ಆದರೆ ಬಡತನವೇ ಬೇರೆ, ಜಾತಿಯೇ ಬೇರೆ. ಆ ಕಾಲದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನದ ಮನೆಗಳಿದ್ದವು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಜಗಲಿಯ ಮೇಲೆ ಮಲಗಲು ಜಾಗ, ಓದಲು ದೀಪದ ಬೆಳಕು ಸಿಗುತ್ತಿತ್ತು. ಊರ ಹೊರಗಿನ ಕೇರಿಯ ಹುಡುಗ ಅದೇ ಮನೆಯ ಅಂಗಳಕ್ಕೂ ಕಾಲಿಡುವ ಹಾಗಿರಲಿಲ್ಲ. ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸಿ, ಬಂದ ಅಂಕವನ್ನೇ ಅರ್ಹತೆ ಎಂದರೆ, ಅಲ್ಲಿ ಅಳೆದದ್ದು ಬುದ್ಧಿಯನ್ನೋ ಜಗಲಿಯನ್ನೋ? ಈ ಪ್ರಶ್ನೆ ಅವರಿಗೆ ಹೊಳೆಯಬೇಕಿತ್ತು. ಸೇತುವೆಯ ಒಂದೊಂದು ಕಂಬಕ್ಕೂ ಎಷ್ಟೆಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕಬಲ್ಲವರು, ಒಂದೊಂದು ಕೇರಿಯ ಹೆಗಲಿನ ಭಾರವನ್ನು ಲೆಕ್ಕಕ್ಕೆ ತರಲಿಲ್ಲ. ದಕ್ಷತೆಯ ವಾದ ಕುಂಟಿದ್ದು ಇಲ್ಲಿ. ಅವರಲ್ಲಿ ದ್ವೇಷವಿತ್ತೆಂದು ನಾನು ಒಂದು ಗಳಿಗೆಯೂ ನಂಬುವುದಿಲ್ಲ. ಅವರ ಕಲ್ಪನೆ ಸ್ವಂತ ಅನುಭವದ ಗಡಿ ದಾಟಲಿಲ್ಲ, ಅಷ್ಟೆ. ಆ ಗಡಿಯಲ್ಲೇ ಅವರ ಚಿಂತನೆಯೂ ನಿಂತುಬಿಟ್ಟಿತು.

ಅವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಗಟ್ಟಿ ದನಿಯಲ್ಲಿ ಕೇಳಿದ್ದು ಅವರೇ ಬೆಳೆಸಿದ ಊರು. ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪ ಮತ್ತು ಅವರ ಗೆಳೆಯರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ಇಲ್ಲೇ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿದು, ಅವರು ಹುದ್ದೆ ಕಳೆದುಕೊಂಡಿದ್ದರು. ಆ ಗಾಯ ಇನ್ನೂ ಹಸಿಯಾಗಿದ್ದಾಗಲೇ ಕೃಷ್ಣಪ್ಪನವರು ಸಾಹಿತ್ಯದ ಕಡೆ ತಿರುಗಿ ಕೇಳಿದರು: ನಮ್ಮ ಬಗ್ಗೆ ಕನಿಕರದಿಂದ ಬರೆದವರಿದ್ದಾರೆ, ನಮ್ಮ ಸಿಟ್ಟನ್ನು ಬರೆದವರು ಎಲ್ಲಿ? ಅವರ ನಿಲುವಿನ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತಿದ್ದೇನೆ. ಈ ಮಾತು ಕುವೆಂಪು ಅವರನ್ನೂ ತಟ್ಟುತ್ತದೆ, ತಟ್ಟಬೇಕು ಕೂಡ. ಗುತ್ತಿಯ ಮನಸ್ಸನ್ನು ಹೊಕ್ಕು ಬಂದ ಕಲ್ಪನೆಯೂ ಗುತ್ತಿಯ ಮೊಮ್ಮಗ ತಾನೇ ಬರೆಯುವುದಕ್ಕೆ ಸಮವಲ್ಲ. ಅಷ್ಟಾದರೂ ಕುವೆಂಪು ಆ ಬಾಗಿಲನ್ನು ತಟ್ಟಿದರು. ನಮ್ಮ ದಿವಾನರ ಗ್ರಂಥಗಳು ಆ ಓಣಿಗೇ ಹೋಗಲಿಲ್ಲ.

ಹಾಗೆಂದು ಈ ಪುಸ್ತಕಗಳನ್ನು ಬದಿಗಿಡಬೇಕೇ? ಖಂಡಿತ ಬೇಡ. ಆಡಳಿತ ಹೇಗಿರಬೇಕು, ಲೆಕ್ಕ ಹೇಗೆ ಒಪ್ಪಿಸಬೇಕು ಎಂಬುದಕ್ಕೆ ಇವು ಇಂದಿಗೂ ಪಾಠವಾಗಬಲ್ಲವು. ಸಮಾಜ ಹೇಗಿದೆ ಎಂಬುದಕ್ಕೆ ಮಾತ್ರ ಇವನ್ನಷ್ಟೇ ನೆಚ್ಚಬಾರದು. ಭದ್ರಾವತಿ, ಶಿವಮೊಗ್ಗದ ಕಾಲೇಜುಗಳಲ್ಲಿ ಪಾಠ ಹೇಳುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸೆಪ್ಟೆಂಬರ್ 15ರಂದು ಹಾರ ಹಾಕಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ವಿಶ್ವೇಶ್ವರಯ್ಯನವರ ಆತ್ಮಕಥೆಯಲ್ಲಿ ಭದ್ರಾವತಿಯ ಭಾಗವನ್ನು ಓದಿಸಿ. ಅದೇ ಮೇಜಿನ ಮೇಲೆ ಮಿಲ್ಲರ್ ವರದಿಯೂ ಬಿ. ಕೃಷ್ಣಪ್ಪನವರ ಬರಹಗಳೂ ಇರಲಿ.